ಮುಚ್ಚಳಕ್ಕೆ ಕಿವಿಗೊಡುವ ಅನ್ನದಕ್ಕ

ಬೆಳಗಿನ ಐದೂಕಾಲು. ಬಸ್ ಡಿಪೋದ ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಕ್ಯಾಂಟೀನಿನ ಹಿಂಬಾಗಿಲ ಮೆಟ್ಟಿಲ ಮೇಲೆ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಕಾಲು ಚಾಚಿ ಕೂತ ಹೆಂಗಸಿನ ಕೈಯಲ್ಲಿ ಜರಡಿ ಸರಸರ ಆಡುತ್ತಿದೆ. ಉದ್ದನೆಯ ಬಾಸ್ಮತಿ ಕಾಳು ಜರಡಿಯಲ್ಲೇ ಉಳಿಯುತ್ತದೆ, ಮುರಿದ ನುಚ್ಚು ಕೆಳಗಿನ ತಟ್ಟೆಗೆ ಉದುರುತ್ತದೆ. ಇವತ್ತು ಅವಳು ಜರಡಿ ಹಿಡಿಯಬೇಕಾದದ್ದು ನಲವತ್ತೆಂಟು ಕಿಲೋ.

"ನುಚ್ಚು ಚಾಡಿ ಹೇಳೋ ಓರಗಿತ್ತಿ ಇದ್ದ ಹಾಗೆ," ಅನ್ನುತ್ತಾಳೆ ಕೈ ನಿಲ್ಲಿಸದೆ. "ಒಂದು ಹಿಡಿ ಸೇರಿಕೊಂಡ್ರೂ ಸಾಕು, ಗಂಜಿ ಬಿಟ್ಟು ಇಡೀ ಮನೇನ ಒಂದಕ್ಕೊಂದು ಅಂಟಿಸಿಬಿಡುತ್ತೆ. ಬಿಡಿ ಬಿಡಿ ಅನ್ನ ಬೇಕು ಅಂದ್ರೆ ಮೊದಲು ಅವಳನ್ನ ಆಚೆ ಕಳಿಸಬೇಕು."

ವಯಸ್ಸು ಐವತ್ತೆರಡು. ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಸಂಬಳದ ಗುಮಾಸ್ತರೊಬ್ಬರೇ. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಗೇಟಿನ ಕಾವಲುಗಾರ, ಎಲ್ಲರಿಗೂ ಅವಳು ಅನ್ನದಕ್ಕ. ಹದಿನಾಲ್ಕು ವರ್ಷದಿಂದ ಈ ಅಡುಗೆಮನೆಯಲ್ಲಿ ಬೇಳೆ ಬೇಯಿಸುವವರು ಬದಲಾಗಿದ್ದಾರೆ, ತರಕಾರಿ ಹೆಚ್ಚುವವರು ಬದಲಾಗಿದ್ದಾರೆ, ಅನ್ನದ ಒಲೆಯ ಮುಂದೆ ನಿಂತವಳು ಬದಲಾಗಿಲ್ಲ.

ನಾಳೆ ಬದಲಾದರೂ ಆಗಬಹುದು. ಅಡುಗೆಮನೆಯ ಮೂಲೆಯಲ್ಲಿ ಒಂದು ಹೊಸ ಕೊಪ್ಪರಿಗೆ ಬಂದು ಕೂತಿದೆ. ಒಬ್ಬ ಮನುಷ್ಯ ಒಳಗಿಳಿದು ಸ್ನಾನ ಮಾಡಬಹುದಾದಷ್ಟು ದೊಡ್ಡದು. ಪಕ್ಕದ ಡಿಪೋವನ್ನು ಇಲ್ಲಿಗೇ ಸೇರಿಸಿದ್ದಾರೆ. ನಿನ್ನೆಯವರೆಗೆ ನೂರ ಅರವತ್ತು ಜನಕ್ಕೆ ಮಧ್ಯಾಹ್ನದ ಊಟವಿತ್ತು, ಇವತ್ತಿನಿಂದ ನಾನೂರ ಎಂಬತ್ತು. ಕ್ಯಾಂಟೀನಿನ ಮ್ಯಾನೇಜರು ಒಳ್ಳೆಯ ಮನುಷ್ಯ, ಆದರೆ ಲೆಕ್ಕದ ಮನುಷ್ಯ. ಒಂದೇ ಪಾತ್ರೆ, ಒಂದೇ ಒಲೆ, ಅದನ್ನು ತಿರುವಲು ತೋಳಿನಲ್ಲಿ ಕಸುವಿರುವ ಒಬ್ಬ ಹೊಸ ಅಡುಗೆಯವ ಎಂದು ಅವರ ಯೋಚನೆ. ಹಾಗಾದರೆ ಅನ್ನದಕ್ಕ? "ನಿಮಗೆ ಬಸ್ ತೊಳೆಯೋ ಶೆಡ್ಡಲ್ಲಿ ಜಾಗ ಇದ್ದೇ ಇದೆಯಲ್ಲಮ್ಮ," ಅಂದಿದ್ದರು ಅವರು, ಸಮಾಧಾನ ಹೇಳುವ ದನಿಯಲ್ಲೇ.

ಆ ಶೆಡ್ಡು ಅವಳಿಗೆ ಹೊಸದಲ್ಲ. ಮೂವತ್ತು ತುಂಬುವ ಮೊದಲೇ ಗಂಡ ತೀರಿಕೊಂಡ. ಅವನು ಇದೇ ಡಿಪೋದ ಮೆಕ್ಯಾನಿಕ್ಕು. ಅನುಕಂಪದ ಮೇಲೆ ಸಿಕ್ಕಿದ್ದು ಬಸ್ ತೊಳೆಯುವ ಕೆಲಸ. ಹತ್ತು ವರ್ಷ ಕೈಯಲ್ಲಿ ಪೈಪು, ಮೊಣಕಾಲವರೆಗೆ ನೀರು. "ಬಸ್ಸಿಗೆ ಬೆನ್ನು ತಿಕ್ಕಿ ತಿಕ್ಕಿ ನನ್ನ ಬೆನ್ನೇ ಹೋಯ್ತು" ಎಂದು ನಗುತ್ತಾಳೆ. ಆ ಹತ್ತು ವರ್ಷದಲ್ಲಿ ಅವಳು ಯಾರಿಗೂ ಎದುರಾಡಿದ್ದಿಲ್ಲ. ಹೂಂ, ಆಯ್ತು, ಬಂದೆ, ಮೂರೇ ಮಾತು. ಮನೆಯಲ್ಲೂ ಹಾಗೇ, ತವರಲ್ಲೂ ಹಾಗೇ ಇದ್ದವಳು. ಒಂದು ದಿನ ಅಡುಗೆಯವನು ಹೇಳದೆ ಕೇಳದೆ ಚಕ್ಕರ್ ಹೊಡೆದ. ಅನ್ನ ಮಾಡಲು ಬರುತ್ತಾ ಎಂದು ಕೇಳಿ ಇವಳನ್ನು ಒಳಗೆ ಕರೆದರು. ಒಲೆ ಹಚ್ಚಿ, ಮುಚ್ಚಳ ಮುಚ್ಚಿ ನಿಂತಿದ್ದಾಗ ಆಗಿನ ಮ್ಯಾನೇಜರು ಬಂದು ಬೆಂದಿದೆಯಾ ನೋಡೋಣ ಎಂದು ಕೈ ಚಾಚಿದ್ದರು. ಬಾಯಿಂದ ಮಾತು ತಾನಾಗಿ ಹಾರಿತು: "ಮುಚ್ಚಳ ಮುಟ್ಟಬೇಡಿ!"

"ಜನ್ಮದಲ್ಲಿ ಒಬ್ಬ ಗಂಡಸಿಗೆ ಬೇಡ ಅಂದಿದ್ದು ಅದೇ ಮೊದಲು," ಎಂದು ಈಗಲೂ ಬೆರಗಿನಿಂದ ಹೇಳುತ್ತಾಳೆ. "ಅವರು ಕೈ ಹಿಂದಕ್ಕೆ ತಗೊಂಡ್ರು! ನನಗೇ ಗಾಬರಿ. ಅರೆ, ನನ್ನ ಮಾತಿಗೂ ಒಬ್ಬರು ನಿಲ್ತಾರಲ್ಲ ಅಂತ."

ಶೆಡ್ಡಿಗೆ ವಾಪಸಾಗುವುದೆಂದರೆ ಅವಳಿಗೆ ನೀರಿನ, ಬೆನ್ನಿನ ಚಿಂತೆಯಲ್ಲ. ಆ ಮೂರು ಮಾತಿಗೆ ಮತ್ತೆ ಮರಳುವ ಚಿಂತೆ. ಅದಕ್ಕೇ ಮ್ಯಾನೇಜರ ಎದುರು ಸೆರಗು ಬಿಗಿದು ನಿಂತು ಕೇಳಿದ್ದಾಳೆ: "ಒಂದು ದಿನ ಕೊಡಿ ಸಾರ್. ನಾನೂರ ಎಂಬತ್ತು ಜನಕ್ಕೂ ನನ್ನ ಚಿಕ್ಕ ಪಾತ್ರೆಗಳಲ್ಲೇ ಮಾಡಿ ತೋರಿಸ್ತೀನಿ. ಹನ್ನೆರಡರ ಗಂಟೆ ಹೊಡೆಯೋ ಹೊತ್ತಿಗೆ ತಡವಾದ್ರೆ, ಇಲ್ಲ ಒಂದು ತಟ್ಟೆ ಅನ್ನ ಮುದ್ದೆಯಾದ್ರೆ, ನಾಳೆ ನಾನೇ ಪೈಪು ಹಿಡೀತೀನಿ."

ಆ ಒಂದು ದಿನವೇ ಇವತ್ತು.

ಅವಳ ಪಟ್ಟು ಏನೆಂದರೆ, ಒಂದು ಪಾತ್ರೆಗೆ ನಾಲ್ಕು ಕಿಲೋಗಿಂತ ಒಂದು ಹಿಡಿ ಹೆಚ್ಚು ಹಾಕಬಾರದು. ಆರು ಒಲೆ, ಎರಡು ಸುತ್ತು, ಹನ್ನೆರಡು ಪಾತ್ರೆ. ಕೊಪ್ಪರಿಗೆಯಲ್ಲಿ ಯಾಕಾಗುವುದಿಲ್ಲ? "ನೀವು ರಶ್ಶಿನ ಬಸ್ಸು ಹತ್ತಿದ್ದೀರಾ? ಕೆಳಗಿನ ಮೆಟ್ಟಿಲಲ್ಲಿ ನಿಂತವನ ಗತಿ ಏನು? ಅದೇ ಗತಿ ತಳದ ಅಕ್ಕೀದು. ಮೇಲಿನವರ ಭಾರಕ್ಕೆ ಅಪ್ಪಚ್ಚಿ. ಮೇಲಿನೋನು ಅರೆಬೆಂದಿರ್ತಾನೆ, ಕೆಳಗಿನೋನು ಗಂಜಿಯಾಗಿರ್ತಾನೆ."

ನೀರಿನ ಲೆಕ್ಕವೂ ಹಾಗೇ. ಮನೆಯಲ್ಲಿ ನೆನೆಸಿದ ಒಂದು ಲೋಟ ಅಕ್ಕಿಗೆ ಒಂದೂವರೆ ಲೋಟ ನೀರು ಸರಿ. ಅದೇ ಲೆಕ್ಕ ಹಿಡಿದು ನಾಲ್ಕು ಕಿಲೋಗೆ ಸುರಿದರೆ ಕುಡಿಯಲು ಲೋಟ ಬೇಕಾಗುತ್ತದೆ. ಅಕ್ಕಿ ಹೆಚ್ಚಾದಂತೆ ನೀರಿನ ಪಾಲು ಇಳಿಯಬೇಕು. ನಾಲ್ಕು ಕಿಲೋಗೆ ಅವಳದು ಐದು ಲೀಟರು, ಹಳೆಯ ಅಕ್ಕಿಯಾದರೆ ಮೇಲೊಂದು ಲೋಟ. ಇದನ್ನು ಕಲಿಯಲು ಎಷ್ಟು ದಿನ ಹಿಡಿಯಿತು ಎಂದರೆ, 'ಹಾರ್ನ್' ಎಂದು ಎಲ್ಲರೂ ಕರೆಯುವ ಡ್ರೈವರಣ್ಣನನ್ನು ಕೇಳಿ ಎನ್ನುತ್ತಾಳೆ. ಮುಚ್ಚಿದ ಗೇಟಿಗೂ ಹಾರ್ನ್ ಹೊಡೆಯುವ ಆಸಾಮಿ ಅವನು. ಅವಳ ಮೊದಲ ವಾರದಲ್ಲಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೇ ಬಂದು, "ಅಕ್ಕಾ, ಇನ್ನೊಂದು ಸೌಟು ಹಾಕು, ಹಿಂದಿನ ಟೈರು ಪಂಕ್ಚರ್ ಆಗಿದೆ, ಅಂಟಿಸ್ಬೇಕು" ಅಂದಿದ್ದ. ಅವಳು ಅಂದು ರಾತ್ರಿ ಉಂಡಿರಲಿಲ್ಲ. ಇಂದು ಆ ಮಾತು ಅವಳೇ ಎಲ್ಲರಿಗೂ ಹೇಳಿ ನಗಿಸುತ್ತಾಳೆ.

ಹತ್ತು ಗಂಟೆ. ನಾಲ್ಕು ನೀರಲ್ಲಿ ತೊಳೆದ ಅಕ್ಕಿ ಬೋಗುಣಿಗಳಲ್ಲಿ ಅರ್ಧ ಗಂಟೆ ನೆನೆಯುತ್ತಿದೆ. ತೊಳೆಯುವಾಗ ಅವಳು ಉಜ್ಜುವುದಿಲ್ಲ, ಮಗುವಿನ ತಲೆಗೆ ನೀರು ಹಾಕುವಂತೆ ಬೆರಳಾಡಿಸುತ್ತಾಳೆ, ಅಷ್ಟೆ. ಒಲೆಯ ಮೇಲೆ ನೀರು ಕುದಿಗೆ ಬರುತ್ತಿದೆ. ಉಪ್ಪು, ಒಂದು ಚಮಚ ಎಣ್ಣೆ, ಕಾಳು ಬೆಳ್ಳಗೆ ನಿಲ್ಲಲಿ ಎಂದು ನಾಲ್ಕು ಹನಿ ನಿಂಬೆರಸ. ಯಾವ ಪಾತ್ರೆಯ ನೀರು ಮೊದಲು ಮಳ್ಳುತ್ತದೋ ಅದಕ್ಕೆ ಮೊದಲು ಅಕ್ಕಿ. ಮತ್ತೆ ಕುದಿ ಬಂದಾಗ ಸಟ್ಟುಗದ ಹಿಡಿಯಿಂದ ತಳ ಮುಟ್ಟಿ ಒಂದೇ ಒಂದು ಸಲ ತಿರುವು. ಮುಚ್ಚಳ, ಅಂಚಿಗೆ ಬಿಗಿಯಾಗಿ ಒದ್ದೆ ಬಟ್ಟೆಯ ಸುರುಳಿ, ಉರಿ ಸಣ್ಣದು. ಹನ್ನೆರಡು ನಿಮಿಷ. ಆಮೇಲೆ ಒಲೆ ಆರಿಸಿ ಹತ್ತು ನಿಮಿಷ ಹಾಗೇ ಬಿಡಬೇಕು, ಯಾರು ಬಂದರೂ ಬಾಗಿಲು ತೆಗೆಯಬಾರದು.

ಒಲೆ ಸಣ್ಣಗಾದ ಸಮಯವನ್ನು ಕರಿ ಹಿಡಿದ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಹತ್ತು ನಲವತ್ತು. ಹತ್ತು ನಲವತ್ತಮೂರು. ಹತ್ತು ನಲವತ್ತೇಳು. ಆರು ಪಾತ್ರೆ, ಆರು ಸಮಯ. ಗೋಡೆಯ ಗಡಿಯಾರವನ್ನೂ ಮುಚ್ಚಳವನ್ನೂ ನೋಡುತ್ತ ಆಚೀಚೆ ಓಡುವ ಅವಳನ್ನು ನೋಡಿದರೆ ಬಸ್ ನಿಲ್ದಾಣದ ಕಂಟ್ರೋಲರು ನೆನಪಾಗುತ್ತಾನೆ.

ಮೊದಲ ಸುತ್ತು ಹೂವೆತ್ತಿದಂತೆ ಸಲೀಸು. ಮುಚ್ಚಳ ತೆಗೆದಾಗ ಬಾಸ್ಮತಿಯ ಕಂಪು ಅಂಗಳ ದಾಟಿ ಗೇಟಿನವರೆಗೆ ಹೋಗುತ್ತದೆ. ಕಾಳುಗಳೆಲ್ಲ ತಲೆಯೆತ್ತಿ ನೆಟ್ಟಗೆ ನಿಂತಿವೆ. ಅವಳು ಅಂಚಿನಿಂದ ಸಟ್ಟುಗ ಇಳಿಸಿ, ಮಲಗಿದ ಮಗುವನ್ನು ಎತ್ತಿಕೊಳ್ಳುವ ಹಾಗೆ ಮೆಲ್ಲಗೆ ಮಗುಚುತ್ತಾಳೆ. ಮುಖದಲ್ಲಿ ಬೆವರು, ಕಣ್ಣಲ್ಲಿ ಮಿಂಚು. "ಆರು ಆಯ್ತು! ಇನ್ನಾರು!" ಎಂದು ಚಿಕ್ಕ ಹುಡುಗಿಯ ಹಾಗೆ ಕೂಗುತ್ತಾಳೆ.

ಎರಡನೆಯ ಸುತ್ತಿನ ಆರೂ ಪಾತ್ರೆ ಸಣ್ಣ ಉರಿಗೆ ಬಂದಾಗ ಹನ್ನೊಂದೂವರೆ. ಬೆಂದ ಅನ್ನವನ್ನು ಬಡಿಸುವ ಕಟ್ಟೆಗೆ ಸಾಗಿಸಿ ಬರಲು ಅವಳು ಆಚೆ ಹೋಗುತ್ತಾಳೆ. ಮೂರು ನಿಮಿಷವೂ ಆಗಿರಲಾರದು. ತಿರುಗಿ ಬಂದು ನೋಡುತ್ತಾಳೆ, ಆರು ಮುಚ್ಚಳಗಳು ಮಿರಮಿರ ಮಿಂಚುತ್ತಿವೆ. ಸೀಮೆಸುಣ್ಣದ ಒಂದು ಗೆರೆಯೂ ಇಲ್ಲ.

ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ತೃಪ್ತಿಯಿಂದ ನಿಂತವರು ಪಾತ್ರೆ ತೊಳೆಯುವ ಚಿಕ್ಕಮ್ಮ. ಅರವತ್ತು ದಾಟಿದವರು, ಕೆಲಸಕ್ಕೆ ಸೇರಿ ಎಂಟು ದಿನ. ಇಂಥ ಚೊಕ್ಕ ಕೈ ಈ ಅಡುಗೆಮನೆ ಕಂಡಿಲ್ಲ.

"ಚಿಕ್ಕಮ್ಮಾ... ಮುಚ್ಚಳ..."

"ಒರೆಸಿದೆ ಕಣಮ್ಮ. ಪಕ್ಕದ ಡಿಪೋದೋರು ಮೊದಲ್ನೇ ಸಲ ಊಟಕ್ಕೆ ಬರ್ತಾರೆ, ಒಂದು ಕಲೆ ಕಾಣಬಾರ್ದು ಅಂತ ಮ್ಯಾನೇಜರು ಹೇಳಿದ್ರಲ್ಲ. ಯಾರೋ ಬಿಳಿ ಬಿಳಿ ಗೀಚಿಟ್ಟಿದ್ರು, ಒಂದೂ ಬಿಡದೆ ತೆಗೆದಿದ್ದೀನಿ ನೋಡು."

ಅನ್ನದಕ್ಕ ಒಲೆಗಳತ್ತ ತಿರುಗುತ್ತಾಳೆ. ಬೈದರೆ ಗೀಚು ವಾಪಸು ಬರುತ್ತದೆಯೇ? ಯಾವ ಪಾತ್ರೆ ಮೊದಲು, ಯಾವುದು ಕೊನೆ, ಒಂದೂ ನೆನಪಿಲ್ಲ. ಮುಚ್ಚಳ ತೆಗೆದು ನೋಡುವ ಹಾಗೂ ಇಲ್ಲ. ಹಬೆ ಹೋದರೆ ಮೇಲಿನ ಅಕ್ಕಿ ಗಟ್ಟಿ. ತೆಗೆಯದಿದ್ದರೆ ಯಾವುದೋ ಒಂದು ಸೀಯುತ್ತದೆ. ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದಾರೆ.

"ಒಂದಗುಳು ತೆಗೆದು ಹಿಸುಕಿ ನೋಡಿಬಿಡಿ ಅಮ್ಮ. ಗಾದೇನೇ ಇದೆಯಲ್ಲ."

"ಗಾದೆ ಮಾಡಿದೋರಿಗೆ ಒಂದೇ ಪಾತ್ರೆ ಇತ್ತು ಸಾರ್," ಎನ್ನುತ್ತಾಳೆ ಅವಳು, ಒಲೆಯಿಂದ ಕಣ್ಣು ಕೀಳದೆ. "ಮುಚ್ಚಳ ಮುಟ್ಟಬೇಡಿ."

ಆಗ ಅವಳಿಗೆ ನೆನಪಾಗುವುದು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಇವಳು ಮಾಡಿದ ಅನ್ನವನ್ನು ಚಾಕುವಿನಲ್ಲಿ ಕೊಯ್ದು ಬಡಿಸಬಹುದಿತ್ತು. ಅತ್ತೆಗೆ ಆಗಲೇ ಎರಡೂ ಕಣ್ಣು ಹೋಗಿದ್ದವು. ಆದರೂ ಅನ್ನ ಅವರದೇ. ಮರದ ಸೌಟಿನ ಒಂದು ತುದಿ ಮುಚ್ಚಳದ ಮೇಲೆ, ಇನ್ನೊಂದು ತುದಿ ಕಿವಿಗೆ. "ಕಣ್ಣಿರೋರು ಅನ್ನ ನೋಡ್ತಾರೆ, ನಾನು ಅದು ಹೇಳೋದು ಕೇಳ್ತೀನಿ. ಬಾ ಇಲ್ಲಿ, ಕಿವಿ ಇಡು" ಎಂದು ಸೊಸೆಯ ತಲೆಯನ್ನು ಬಗ್ಗಿಸಿದ್ದರು. ಗಂಡ ತೀರಿದಾಗ, ಇನ್ನು ಇವಳನ್ನು ತವರಿಗೆ ಕಳಿಸಿ ಎಂದ ನೆಂಟರಿಗೆ ಅತ್ತೆ ಕೇಳಿದ್ದು, "ಇವಳು ಹೋದ್ರೆ ನನಗೆ ಕಣ್ಣು ಯಾರು?" ಸೊಸೆ ಹೋಗಲಿಲ್ಲ.

"ಫ್ಯಾನ್ ಆಫ್ ಮಾಡಿ! ನಲ್ಲಿ ನಿಲ್ಲಿಸಿ! ಯಾರೂ ಮಾತಾಡಬೇಡಿ!"

ಅಡುಗೆಮನೆ ಗಪ್‌ಚುಪ್. ಆದರೆ ಕಿಟಕಿಯ ಹೊರಗೊಂದು ಬಸ್ಸು ಗಡಗಡ ನಡುಗುತ್ತ ನಿಂತಿದೆ. ಅವಳು ಕಿಟಕಿಗೆ ಹಾರಿ ಕೂಗುತ್ತಾಳೆ: "ಹಾರ್ನಣ್ಣಾ! ಇಂಜಿನ್ ಆಫ್ ಮಾಡು!"

"ಯಾಕಕ್ಕಾ? ಅನ್ನ ಮಲಗಿದ್ಯಾ?"

"ಹೂಂ! ಎಬ್ಬಿಸಬೇಡ!"

ಇಂಜಿನ್ ನಿಲ್ಲುತ್ತದೆ. ಅಷ್ಟೇ ಅಲ್ಲ, ಹಿಂದೆ ಬರುತ್ತಿದ್ದ ಎರಡು ಬಸ್ಸುಗಳನ್ನೂ ಹಾರ್ನ್ ಕೈಯೆತ್ತಿ ನಿಲ್ಲಿಸುತ್ತಾನೆ, ತುಟಿಯ ಮೇಲೆ ಬೆರಳಿಟ್ಟು. ಅವನು ಸದ್ದು ಅಡಗಿಸಿದ್ದನ್ನು ಡಿಪೋ ನೋಡಿದ್ದು ಅದೇ ಮೊದಲು.

ಅನ್ನದಕ್ಕ ಮರದ ಸೌಟಿನ ತುದಿಯನ್ನು ಮೊದಲ ಮುಚ್ಚಳದ ಮೇಲಿಟ್ಟು ಕಿವಿ ಹಚ್ಚುತ್ತಾಳೆ. ಗುಳುಗುಳು. ನೀರು ಇನ್ನೂ ಇದೆ. ಎರಡನೆಯದು, ಅದೂ ಗುಳುಗುಳು, ಆದರೆ ದಪ್ಪ ದನಿ. ಮೂರನೆಯದು ಪಿಸುಪಿಸು, ಯಾರೋ ಗುಟ್ಟು ಹೇಳುವ ಹಾಗೆ. ಇನ್ನೆರಡು ನಿಮಿಷ. ನಾಲ್ಕನೆಯದರಲ್ಲಿ ಚಿಟಿಚಿಟಿ. ತಕ್ಷಣ ಕೈ ಒಲೆಯ ಕಿವಿ ತಿರುವುತ್ತದೆ, ಆರಿತು. ಐದು, ಪಿಸುಪಿಸು. ಆರು, ಏನೂ ಇಲ್ಲ. ಪೂರ್ತಿ ಮೌನ. ನೀರೆಲ್ಲ ಇಂಗಿ ತಳ ಹಿಡಿಯತೊಡಗಿದೆ. ಅದನ್ನೂ ಆರಿಸಿ, ಪಾತ್ರೆಯನ್ನು ಎತ್ತಿ ಒದ್ದೆ ಗೋಣಿಯ ಮೇಲೆ ಇಡುತ್ತಾಳೆ. ಮತ್ತೆ ಮೂರಕ್ಕೆ ಬಂದು ಕಿವಿ. ಮತ್ತೆ ಐದಕ್ಕೆ. ಮತ್ತೆ ಒಂದಕ್ಕೆ. ಏಳು ನಿಮಿಷ ಯಾರೂ ಕೆಮ್ಮುವುದಿಲ್ಲ. ಮ್ಯಾನೇಜರು ಉಸಿರು ಬಿಟ್ಟಿದ್ದೂ ಕೇಳುತ್ತದೆ. ಕೊನೆಯ ಒಲೆ ಆರಿದಾಗ ಹನ್ನೊಂದು ನಲವತ್ತನಾಲ್ಕು.

"ಇನ್ನು ಹತ್ತು ನಿಮಿಷ ದೇವರೇ ಬಂದ್ರೂ ತೆಗೆಯಲ್ಲ," ಎಂದು ಸ್ಟೂಲಿನ ಮೇಲೆ ಕುಸಿಯುತ್ತಾಳೆ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. "ಅಳಬೇಡಿ ಚಿಕ್ಕಮ್ಮ. ಚೊಕ್ಕ ಮಾಡಿದ್ದಕ್ಕೆ ಯಾರಾದ್ರೂ ಅಳ್ತಾರಾ?" ಎಂದು ಇವಳೇ ಸಂತೈಸುತ್ತಾಳೆ.

ಗಂಟೆ ಬಾರಿಸುವ ಮೊದಲೇ ಆರು ಮುಚ್ಚಳಗಳು ತೆರೆಯುತ್ತವೆ. ಐದು ಪಾತ್ರೆ ಮಲ್ಲಿಗೆ. ಆರನೆಯದರ ತಳದಲ್ಲಿ ಬೆರಳ ದಪ್ಪವೂ ಇಲ್ಲದ ಕೆಂಪು ಹಕ್ಕಳೆ. ಅವಳು ಅದನ್ನು ಕೆದಕುವುದೇ ಇಲ್ಲ, ಮೇಲಿನದನ್ನಷ್ಟೇ ಮೆಲ್ಲಗೆ ತೆಗೆಯುತ್ತಾಳೆ. ಅದೂ ಬಿಡಿ ಬಿಡಿ, ಕಾಳಿಗೆ ಕಾಳು ತಾಗಿಲ್ಲ. ಕೆಂಪು ತಳಕ್ಕಾಗಿ ತರಕಾರಿ ಹೆಚ್ಚುವ ಹೆಂಗಸರು ಆಗಲೇ ಚಮಚ ಹಿಡಿದು ಜಗಳಕ್ಕೆ ನಿಂತಿದ್ದಾರೆ.

ಊಟದ ಸಾಲು ಬಾಗಿಲು ದಾಟಿ ಅಂಗಳಕ್ಕಿಳಿದಿದೆ. ಪಕ್ಕದ ಡಿಪೋದಿಂದ ಬಂದ ಕಂಡಕ್ಟರಮ್ಮ ತಟ್ಟೆಯನ್ನು ಅಲ್ಲಾಡಿಸಿ, ಅನ್ನ ಉದುರುವುದನ್ನು ಎರಡೆರಡು ಸಲ ನೋಡುತ್ತಾಳೆ. "ನಮ್ಮ ಕ್ಯಾಂಟೀನಲ್ಲಿ ಅನ್ನ ಬಡಿಸಿದ್ರೆ ಸೌಟೂ ಅದರ ಜೊತೆಗೇ ತಟ್ಟೆಗೆ ಬರ್ತಿತ್ತು ಕಣ್ರೀ," ಎನ್ನುತ್ತಾಳೆ. ಇಡೀ ಮೇಜು ಗೊಳ್ಳೆನ್ನುತ್ತದೆ. ಹಾರ್ನ್ ಎರಡನೆಯ ಸಲ ಸಾಲಿಗೆ ಬಂದು ತಟ್ಟೆ ಚಾಚುತ್ತಾನೆ.

"ಪಂಕ್ಚರಿಗಾ?" ಎಂದು ಅನ್ನದಕ್ಕ ಕೇಳುತ್ತಾಳೆ.

"ಇದು ಅಂಟಲ್ಲ ಅಕ್ಕ. ಹೊಟ್ಟೆಗೇ ಹಾಕು."

ಎರಡು ಗಂಟೆಗೆ ಹನ್ನೆರಡು ಪಾತ್ರೆಯೂ ಖಾಲಿ. ನಾನೂರ ಎಂಬತ್ತು ತಟ್ಟೆ, ಉಳಿದದ್ದು ಚಿಕ್ಕಮ್ಮ ಅನ್ನದಕ್ಕನಿಗೆಂದು ಡಬ್ಬಿಯೊಂದರಲ್ಲಿ ಮುಚ್ಚಿಟ್ಟ ಎರಡು ಸೌಟು. ಮ್ಯಾನೇಜರು ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದು ಕೇಳುತ್ತಾರೆ.

"ನಾಳೆಗೂ ಹನ್ನೆರಡೇ ಪಾತ್ರೇನಾ ಅಮ್ಮ?"

"ಹನ್ನೆರಡೇ ಸಾರ್."

"ಹಾಗಾದ್ರೆ ಆ ಹೊಸ ಅಡುಗೆಯವನಿಗೆ ಬರೋದು ಬೇಡ ಅಂತ ಹೇಳ್ತೀನಿ. ಇದನ್ನ ವಾಪಸ್ ಕಳಿಸ್ಲಾ?"

"ಯಾಕೆ ಸಾರ್? ಇರಲಿ. ನಾನೂರ ಎಂಬತ್ತು ತಟ್ಟೆ ನೆನೆಹಾಕೋಕೆ ಚಿಕ್ಕಮ್ಮಂಗೆ ಬೇಕಲ್ಲ."

ಇನ್ನೇನು ಬೇಕು ಕೇಳಿ ಎನ್ನುತ್ತಾರೆ ಅವರು. ಹೊಸ ಗಡಿಯಾರವೋ, ಗಾಜಿನ ಮುಚ್ಚಳವೋ. ಗಾಜಿನ ಮುಚ್ಚಳ ಎಂದದ್ದಕ್ಕೆ ಅವಳು ಕಿಸಕ್ಕನೆ ನಗುತ್ತಾಳೆ. ಕೊನೆಗೆ ಅವಳು ಕೇಳುವುದು ಒಂದು ಕಪ್ಪು ಹಲಗೆ. ಚಿಕ್ಕದು ಸಾಕು, ಒಲೆಯ ಎದುರಿನ ಗೋಡೆಗೆ. ಮುಚ್ಚಳದ ಮೇಲೆ ಬರೆಯುವುದು ಇನ್ನು ಬೇಡ.

"ಎತ್ತರಕ್ಕೆ ಹೊಡೆಸಿ," ಎನ್ನುತ್ತಾರೆ ಚಿಕ್ಕಮ್ಮ ಹಿಂದಿನಿಂದ. "ನನ್ನ ಕೈಗೆ ಎಟುಕದ ಹಾಗೆ."

ಸಂಜೆ ನಾಲ್ಕು. ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಪಕ್ಕ ಅತ್ತೆ ಕೂತಿದ್ದಾರೆ. ಎಂಬತ್ತನಾಲ್ಕು ವರ್ಷ, ಬಾಯಲ್ಲಿ ಹಲ್ಲಿಲ್ಲ. ಜರಡಿ ಹಿಡಿದ ನುಚ್ಚನ್ನು ಮ್ಯಾನೇಜರ ಒಪ್ಪಿಗೆ ಪಡೆದು ಸೊಸೆ ದಿನವೂ ತಂದು ಮೆತ್ತಗೆ ಬೇಯಿಸಿ ಕೊಡುತ್ತಾಳೆ. ಇವತ್ತು ಅವಳು ಡಬ್ಬಿ ತೆರೆದು ತಟ್ಟೆಗೆ ಬಗ್ಗಿಸುತ್ತಾಳೆ. ಅತ್ತೆ ತಲೆ ಓರೆ ಮಾಡುತ್ತಾರೆ.

"ಇದು ನುಚ್ಚಲ್ಲ. ಇಡೀ ಕಾಳು. ಉದುರಿದ ಸದ್ದು ಕೇಳ್ತು," ಎನ್ನುತ್ತಾರೆ. "ಒಲೆ ಉಳೀತಾ?"

"ಉಳೀತು ಅತ್ತೆ."

"ಕಣ್ಣಲ್ಲಿ ನೋಡಿ ಮಾಡಿದ್ಯೋ, ಕೇಳಿ ಮಾಡಿದ್ಯೋ?"

"ಆರು ನೋಡಿ ಮಾಡ್ದೆ. ಆರು ಕೇಳಿ."

ಅತ್ತೆಯ ಬೊಚ್ಚು ಬಾಯಿ ಅರಳುತ್ತದೆ. "ಎಷ್ಟು ಜನ ಉಂಡ್ರು?"

"ನಾನೂರ ಎಂಬತ್ತು."

"ನಾನೂರ ಎಂಬತ್ತೊಂದು," ಎಂದು ತಿದ್ದಿ, ಮುದುಕಿ ತಟ್ಟೆಯನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಒಂದೊಂದೇ ಕಾಳನ್ನು ಒಸಡಿನಲ್ಲಿ ಒತ್ತಿ, ಅವಸರವಿಲ್ಲದೆ ನುಂಗುತ್ತಾರೆ.

ಹದಿನಾಲ್ಕು ವರ್ಷದಲ್ಲಿ ಎಂದೂ ತಾನು ಬಡಿಸಿದವರ ಜೊತೆ ಕೂತು ಉಣ್ಣದ ಅನ್ನದಕ್ಕ ಇನ್ನೊಂದು ತಟ್ಟೆ ತಂದು ಎದುರಿಗೆ ಕೂರುತ್ತಾಳೆ. ಡಬ್ಬಿಯಲ್ಲಿ ಉಳಿದದ್ದನ್ನು ತನಗೆ ಬಡಿಸಿಕೊಳ್ಳುತ್ತಾಳೆ.

"ನಾನೂರ ಎಂಬತ್ತೆರಡು ಅತ್ತೆ," ಎನ್ನುತ್ತಾಳೆ.